ವಾಕ್‌ಸ್ವಾತಂತ್ರ್ಯವೂ ಮಾನಹಾನಿಯೂ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನುಡಿಯ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನುಡಿಯ ಸ್ವಾತಂತ್ರ್ಯವನ್ನೂ ಅದರ ಹೊಣೆಯನ್ನೂ ಕುರಿತು ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಊರು ಬಿಟ್ಟು ಈ ಮುಂಬಯಿಗೆ ಬಂದ ನಮಗೆ ಈಗ ವಾಟ್ಸ್‌ಆಪ್ ಗುಂಪೇ ಅರಳಿಕಟ್ಟೆಯಾಗಿದೆ. ಊರಿನ ಸುದ್ದಿ, ನಂಟರ ಮುನಿಸು, ಸಂಘದ ಚುನಾವಣೆಯ ಬಿಸಿ ಎಲ್ಲವೂ ಅಲ್ಲಿಯೇ. ಆದರೆ ಕಟ್ಟೆಯ ಮಾತು ಗಾಳಿಗೆ ಹೋಗುತ್ತಿತ್ತು. ಇಲ್ಲಿಯ ಮಾತು ಬರಹವಾಗಿ ಉಳಿಯುತ್ತದೆ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಿಲ್ಲಬಲ್ಲದು.

ಸಂವಿಧಾನದ 19ನೆಯ ವಿಧಿಯು ಪ್ರತಿಯೊಬ್ಬ ಪೌರನಿಗೂ ವಾಕ್‌ಸ್ವಾತಂತ್ರ್ಯವನ್ನು ಕೊಟ್ಟಿದೆ. ಮಾನಹಾನಿಯೇ ಮೊದಲಾದ ಕಾರಣಗಳಿಗಾಗಿ ಅದಕ್ಕೆ ಯುಕ್ತವಾದ ನಿರ್ಬಂಧ ಹಾಕಲು ಅದೇ ವಿಧಿ ಎಡೆಗೊಟ್ಟಿದೆ. ಆಂಗ್ಲರ ಕಾಲದ 1860ರ ದಂಡಸಂಹಿತೆಯು ಮಾನಹಾನಿಯನ್ನು ಅಪರಾಧವೆಂದು ಎಣಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 499, 500ನೆಯ ಕಲಮುಗಳು ಹೋಗಿ 356ನೆಯ ಕಲಮು ಬಂದಿತು. ಎರಡು ವರ್ಷಗಳವರೆಗಿನ ಸಾದಾ ಸೆರೆವಾಸ ಮಾತ್ರ ಹಾಗೆಯೇ ಉಳಿಯಿತು. ಸಮಾಜಸೇವೆಯ ಶಿಕ್ಷೆಯೊಂದು ಹೊಸದಾಗಿ ಸೇರಿದೆ.

ನಮ್ಮ ನಗರಕ್ಕೆ ಸಮೀಪದ ಪಾಲ್ಘರ್‌ನ ಸಂಗತಿಯನ್ನು ತಾವು ಮರೆತಿರಲಾರಿರಿ. 2012ರ ನವೆಂಬರಿನಲ್ಲಿ ಬಾಳ್ ಠಾಕರೆಯವರು ನಿಧನರಾದಾಗ, ಊರೆಲ್ಲ ಮುಚ್ಚಬೇಕೇಕೆ ಎಂದು ಒಬ್ಬ ತರುಣಿ ಫೇಸ್‌ಬುಕ್ಕಿನಲ್ಲಿ ಕೇಳಿದಳು. ಇನ್ನೊಬ್ಬಳು ಅದನ್ನು ಮೆಚ್ಚಿದಳು. ಇಬ್ಬರನ್ನೂ ಪೋಲೀಸರು ಬಂಧಿಸಿದರು. ಆಗ ಬಳಸಿದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು, ಅದರ ಮಾತುಗಳು ತೀರ ಅಸ್ಪಷ್ಟವೆಂದು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಇನ್ನು ಭಯವಿಲ್ಲವೆಂದು ಹಲವರು ಭಾವಿಸಿದರು. ಆದರೆ 2016ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು, ಮನುಷ್ಯನ ಮಾನವು ಅವನ ಜೀವಿಸುವ ಹಕ್ಕಿನ ಅಂಗವೆಂದು ಹೇಳಿ, ಮಾನಹಾನಿಯ ಅಪರಾಧವನ್ನು ಎತ್ತಿಹಿಡಿಯಿತು.

ಮಾನವು ದೊಡ್ಡದೆಂಬುದನ್ನು ಯಾರೂ ಅಲ್ಲಗಳೆಯರು. ಸುಳ್ಳು ಮಾತೊಂದು ಒಬ್ಬ ಹೆಣ್ಣುಮಗಳ ಬಾಳನ್ನು, ಒಬ್ಬ ಸಣ್ಣ ವ್ಯಾಪಾರಿಯ ಅನ್ನವನ್ನು ಕೆಡಿಸಬಲ್ಲದು. ಆದರೂ ಅದಕ್ಕೆ ಸೆರೆಮನೆಯೇ ಮದ್ದೆಂದು ನನಗೆ ತೋರುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ನಷ್ಟಪರಿಹಾರ ಕೇಳುವ ದಾರಿ ಇದ್ದೇ ಇದೆ. ಅದು ನಿಧಾನವೆಂಬುದು ನಿಜ. ಹಾಗಾದರೆ ಅದನ್ನು ಚುರುಕುಗೊಳಿಸಬೇಕು. ಶ್ರೀಲಂಕೆಯು 2002ರಲ್ಲಿ, ಇಂಗ್ಲೆಂಡು 2009ರ ಶಾಸನದಿಂದ ಈ ಅಪರಾಧವನ್ನು ಕೈಬಿಟ್ಟವು. ಬಲ್ಲಿದನ ತಪ್ಪನ್ನು ಎತ್ತಿ ಆಡಿದ ಬಡವನಿಗೆ ದೂರದ ಊರಿನ ಕೋರ್ಟಿನಿಂದ ಸಮನ್ಸು ಬಂದರೆ, ರಜೆ, ರೈಲುಖರ್ಚು, ವಕೀಲರ ಫೀಸು ಇವೇ ಶಿಕ್ಷೆಯಾಗುತ್ತವೆ. ಕೊನೆಗೆ ಗೆದ್ದರೂ ಕಳೆದ ವರ್ಷಗಳು ಮರಳಿ ಬಾರವು.

ಕಾನೂನು ಬದಲಾಗುವವರೆಗೆ ಅದನ್ನು ಅರಿತಿರುವುದು ನಮಗೆ ಕ್ಷೇಮ. ಆಡಿದುದು ನಿಜವಾಗಿದ್ದರೆ ಸಾಲದು. ಅದನ್ನು ಆಡುವುದು ಲೋಕಹಿತಕ್ಕೆ ಅವಶ್ಯವೂ ಆಗಿರಬೇಕು. ಅಧಿಕಾರಿಯ ಸಾರ್ವಜನಿಕ ನಡತೆಯನ್ನು ಸದ್ಭಾವದಿಂದ ಟೀಕಿಸುವುದು ಅಪರಾಧವಲ್ಲ. ಅನ್ಯರ ಬರಹವನ್ನು ಮತ್ತೆ ಹರಡುವವನೂ ಹೊಣೆಗಾರನಾಗಬಲ್ಲನೆಂದು ದೆಹಲಿ ಹೈಕೋರ್ಟು 2024ರಲ್ಲಿ ಹೇಳಿದೆ. ಆದರೆ ಸಮಾನ ಉದ್ದೇಶವಿಲ್ಲದಿದ್ದಲ್ಲಿ, ಸದಸ್ಯನೊಬ್ಬನ ಮಾತಿಗೆ ಗುಂಪಿನ ಅಡ್ಮಿನ್ ಹೊಣೆಯಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠವು 2021ರಲ್ಲಿ ತೀರ್ಮಾನಿಸಿತು. ಈ ಅಪರಾಧಕ್ಕಾಗಿ ಪೋಲೀಸರು ವಾರಂಟಿಲ್ಲದೆ ಹಿಡಿಯುವಂತಿಲ್ಲ. ನೊಂದವನೇ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ, ಮ್ಯಾಜಿಸ್ಟ್ರೇಟರು ಆ ದೂರನ್ನು ಅಂಗೀಕರಿಸುವ ಮೊದಲು ಆಪಾದಿತನಿಗೂ ತನ್ನ ಮಾತು ಹೇಳಿಕೊಳ್ಳುವ ಅವಕಾಶವಿದೆ.

ಆದುದರಿಂದ ಬಂಧುಗಳೆ, ಅಂಜಿ ಬಾಯಿ ಮುಚ್ಚಿಕೊಳ್ಳಿರೆಂದು ನಾನು ಹೇಳುವುದಿಲ್ಲ. ನಗರಸಭೆಯ ನಲ್ಲಿ ಒಣಗಿದ್ದರೆ ಬರೆಯಿರಿ. ಸಂಘದ ಲೆಕ್ಕ ತಪ್ಪಿದ್ದರೆ ಕೇಳಿರಿ. ಆಧಾರವನ್ನು ಕೈಯಲ್ಲಿಟ್ಟುಕೊಂಡು, ನಿಮ್ಮ ಹೆಸರು ಹಾಕಿ ಕೇಳಿರಿ. ಕಂಡರಿಯದವರ ಮನೆಯ ಮಾತನ್ನು ಮಾತ್ರ ಮುಂದಕ್ಕೆ ದಾಟಿಸಬೇಡಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಎಚ್ಚರಿಸಿದ್ದಾರೆ. ಮಕ್ಕಳ ಕೈಗೆ ಫೋನು ಕೊಡುವಾಗ ಈ ಗಾದೆಯನ್ನೂ ಜತೆಗೆ ಕೊಡೋಣ.