ರಕ್ತದ ಗುರುತು, ನ್ಯಾಯದ ತಕ್ಕಡಿ

ಬೈಲಹೊಂಗಲದ ಸಂತೆಯಲ್ಲಿ ಹಿರಿಯರೊಬ್ಬರು ಅಪರಿಚಿತ ತರುಣನನ್ನು ತಡೆದು, “ನೀ ರಾಮದುರ್ಗದ ಕಡೆಯಾಂವ ಅಲ್ಲೇನೋ ತಮ್ಮಾ? ಥೇಟ ನಿಮ್ಮಜ್ಜನ ಮೂಗು!” ಎನ್ನುವುದನ್ನು ನೀವು ಕೇಳಿರಬಹುದು. ಮೋರೆ ನೋಡಿ ಮನೆತನ ಹೇಳುವ ಈ ಜಾಣತನವನ್ನೇ ವಿಜ್ಞಾನವು ಇಂದು ಒಂದು ಹನಿ ರಕ್ತದಿಂದ ಸಾಧಿಸಿದೆ. ಆದರೆ ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ವಿಚಾರಮಾಡತಕ್ಕ ವಿಷಯ.

ಮೊದಲು ಇದ್ದುದು ರಕ್ತದ ಗುಂಪುಗಳ ಅರಿವು ಮಾತ್ರ. ಒಂದೇ ಗುಂಪಿನವರು ಲಕ್ಷಾಂತರ ಜನರಿರುವುದರಿಂದ, ‘ಇವನಲ್ಲ’ ಎನ್ನಬಹುದಿತ್ತೇ ಹೊರತು ‘ಇವನೇ’ ಎನ್ನುವಂತಿರಲಿಲ್ಲ. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ ಅವರು ಡಿ.ಎನ್.ಎ. ಗುರುತನ್ನು ಕಂಡುಹಿಡಿದರು. 1988ರ ಸುಮಾರಿಗೆ ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗ್ ಅವರು ಆ ವಿದ್ಯೆಯನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಿದರು.

ಅದರ ಮರ್ಮವೇನು? ಸವದತ್ತಿಯ ಜಾತ್ರೆಯಲ್ಲಿ ಒಬ್ಬ ಭಕ್ತ ‘ಉಧೋ’ ಎಂದು ಎಂಟು ಸಲ ಕೂಗಿದರೆ, ಇನ್ನೊಬ್ಬ ಹನ್ನೆರಡು ಸಲ ಕೂಗುತ್ತಾನಷ್ಟೆ? ಹಾಗೆಯೇ ವಂಶವಾಹಿಯ ಕೆಲವು ತಾಣಗಳಲ್ಲಿ ಒಂದು ಪುಟ್ಟ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲವೆಂಬುದು ಮನುಷ್ಯನಿಂದ ಮನುಷ್ಯನಿಗೆ ಬೇರೆ. ಪ್ರತಿ ತಾಣದಲ್ಲಿಯೂ ತಂದೆಯಿಂದ ಬಂದ ಪ್ರತಿ ಒಂದು, ತಾಯಿಯಿಂದ ಬಂದುದು ಒಂದು. ಒಂದು ತಾಣದ ಗುರುತು ಹತ್ತರಲ್ಲಿ ಒಬ್ಬರಿಗೆ ಹೊಂದುವುದೆಂದು ಇಟ್ಟುಕೊಳ್ಳಿ. ಹತ್ತು ತಾಣಗಳೂ ಹೊಂದುವುದು ಸಾವಿರ ಕೋಟಿಗೆ ಒಬ್ಬರಿಗೆ!

ಈ ಗುಣಾಕಾರದಲ್ಲಿಯೇ ಎಚ್ಚರ ಬೇಕು. ಯಾವ ಗುರುತು ಎಷ್ಟು ಜನರಲ್ಲಿದೆ ಎಂಬ ಲೆಕ್ಕ ನಮ್ಮ ಜನರದೇ ಆಗಿರಬೇಕು, ಪರದೇಶದ ಕೋಷ್ಟಕ ಸಾಲದು. 2004ರಲ್ಲಿ ಪ್ರಕಟವಾದ ಒಂದು ಅಭ್ಯಾಸವು ಕರ್ನಾಟಕದ ಅಯ್ಯಂಗಾರ, ಲಿಂಗಾಯತ, ಒಕ್ಕಲಿಗ, ಮುಸಲ್ಮಾನ ಸಮುದಾಯಗಳಲ್ಲಿ ಇಂಥ 15 ತಾಣಗಳನ್ನು ಪರೀಕ್ಷಿಸಿತು. ಭೇದದ ಬಹುಪಾಲು ಇರುವುದು ಒಂದೇ ಸಮುದಾಯದ ವ್ಯಕ್ತಿ ವ್ಯಕ್ತಿಗಳ ನಡುವೆ. ಸಮುದಾಯಗಳ ನಡುವಿನದು ಅತ್ಯಲ್ಪ. ಆದುದರಿಂದ ಈ ಗುರುತು ವ್ಯಕ್ತಿಯನ್ನು ಹೇಳೀತು, ಜಾತಿಯನ್ನು ಹೇಳುವ ಯಂತ್ರವಲ್ಲ.

ನಮ್ಮ ಕಡೆ ಇನ್ನೊಂದು ತೊಡಕುಂಟು. ಕಿತ್ತೂರಿನ ಹೆಣ್ಣನ್ನು ಸವದತ್ತಿಗೆ ಕೊಡುವುದು, ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. ಅಕ್ಕನ ಮಗಳನ್ನು ಮದುವೆಯಾದವನ ಮಗುವಿನಲ್ಲಿ ಒಂದು ತಾಣದ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 8ರಲ್ಲಿ 1. ಸೋದರಮಾವನ ಮಗಳನ್ನು ತಂದುಕೊಂಡಲ್ಲಿ 16ರಲ್ಲಿ 1. ಇಂಥ ಬಳಗದಲ್ಲಿ ಅಣ್ಣತಮ್ಮಂದಿರ ಗುರುತುಗಳು ಇನ್ನೂ ಹೆಚ್ಚು ಹೋಲುವವು. ಬಳಗದವರನ್ನೂ ಪರೀಕ್ಷಿಸದೆ ‘ಸಾವಿರ ಕೋಟಿಗೆ ಒಬ್ಬ’ ಎಂದು ನ್ಯಾಯಾಲಯದಲ್ಲಿ ಸಾರಿದರೆ ತಮ್ಮನ ತಪ್ಪು ಅಣ್ಣನ ಕೊರಳಿಗೆ ಬಿದ್ದೀತು.

ಹಾಗೆಂದು ಈ ವಿದ್ಯೆ ಹಗುರವೆನ್ನಬೇಡಿ. ಅಪರಾಧದ ತನಿಖೆಯಲ್ಲಿ ಅದರ ಮೊದಲ ದೊಡ್ಡ ಉಪಕಾರವೇ ನಿರಪರಾಧಿಯ ಬಿಡುಗಡೆ. 1986ರಲ್ಲಿ ಇಂಗ್ಲೆಂಡಿನಲ್ಲಿ, ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡಿದ್ದ ಹದಿನೇಳರ ಹುಡುಗನೊಬ್ಬನನ್ನು ಈ ಪರೀಕ್ಷೆಯೇ ಉಳಿಸಿತು. ಬಾಯಿಮಾತು ಸುಳ್ಳಾಗಿತ್ತು, ರಕ್ತ ನಿಜ ನುಡಿಯಿತು. ಹನಿಯನ್ನು ಯಾರು ಸಂಗ್ರಹಿಸಿದರು, ಹೇಗೆ ಮುದ್ರೆ ಹಾಕಿದರು, ಯಾರೊಡನೆ ಹೋಲಿಸಿದರು ಎಂದು ಕೇಳುವುದು ಅವಿಶ್ವಾಸವಲ್ಲ, ನ್ಯಾಯದ ಮೊದಲ ಪಾಠ. ತಕ್ಕಡಿ ಎಷ್ಟೇ ನಯವಾಗಿರಲಿ, ತೂಗುವ ಕೈ ಎಚ್ಚರವಾಗಿರಬೇಕು.