ರೇಡಿಯೋ ಹೊತ್ತ ಸಿಪಾಯಿ

(ಕಾರ್ಮಿಕರ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಕೆಲವರು ಪಾಳಿ ಮುಗಿಸಿ ನೇರವಾಗಿ ಬಂದಿದ್ದೀರಿ. ಕೆಲವರು ಅಂಗಡಿ ಬಾಗಿಲು ಹಾಕಿ ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ. ಯುದ್ಧದ ಕಥೆಯೆಂದರೆ ಸೇನಾಪತಿಗಳ ಹೆಸರು ಕೇಳಿಯೇ ನಮಗೆ ರೂಢಿ. ಇಂದು ನಾನು ಹೇಳುವುದು ಹೊರೆ ಹೊತ್ತ ಒಬ್ಬ ಸಿಪಾಯಿಯ ಮಾತು.

ಅವನ ಹೆಸರು ಜಾನ್ ಪಿಂಡರ್. ಅಮೆರಿಕದ ಉಕ್ಕಿನ ನಗರ ಪಿಟ್ಸ್‌ಬರ್ಗಿನ ಹತ್ತಿರ 1912ರ ಜೂನ್ 6ರಂದು ಹುಟ್ಟಿದವನು. ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವುದು ಅವನ ಕಸುಬು. ಆಡಿದ್ದು ದೊಡ್ಡ ತಂಡಗಳಲ್ಲಲ್ಲ, ಸಣ್ಣ ಊರುಗಳ ಕೆಳದರ್ಜೆಯ ತಂಡಗಳಲ್ಲಿ. ಯುದ್ಧ ಬಂತು, ಸಿಪಾಯಿಯಾದ.

1944ರ ಜೂನ್ 6, ಅವನಿಗೆ 32 ತುಂಬಿದ ದಿನ. ಹಿಟ್ಲರನ ಸೈನ್ಯ ಫ್ರಾನ್ಸನ್ನು ತುಳಿದು ಆಗಲೇ ನಾಲ್ಕು ವರ್ಷವಾಗಿತ್ತು. ಅಂದು ಮಿತ್ರರಾಷ್ಟ್ರಗಳ ಸುಮಾರು 1,56,000 ಸೈನಿಕರು ನಾರ್ಮಂಡಿಯಲ್ಲಿ ಇಳಿದರು. ಪಿಂಡರನ ಪಾಲಿಗೆ ಬಂದದ್ದು 'ಒಮಾಹ' ಎಂಬ ಗುಪ್ತನಾಮದ ದಂಡೆ. ಎದುರಿಗೆ ದಿಬ್ಬ, ದಿಬ್ಬದ ಮೇಲೆ ಜರ್ಮನರ ಮೆಷಿನ್‌ಗನ್. ಕಾಲಾಳುಗಳ ರಕ್ಷಣೆಗೆಂದು ಒಂದು ದಳದ 29 ಟ್ಯಾಂಕುಗಳನ್ನು ದೂರದಲ್ಲೇ ಕಡಲಿಗೆ ಇಳಿಸಿದ್ದರು. 27 ಮುಳುಗಿಹೋದವು.

ದಂಡೆಯಿಂದ ನೂರು ಗಜ ದೂರದಲ್ಲಿ ಪಿಂಡರನ ದೋಣಿಗೆ ಗುಂಡಿನ ಮಳೆ ಸುರಿಯಿತು. ಸೊಂಟದುದ್ದ ನೀರಿನಲ್ಲಿ, ರೇಡಿಯೋ ಹೊತ್ತು ಅವನು ಹೊರಟ. ಕೆಲವೇ ಗಜ ಹೋಗುವಷ್ಟರಲ್ಲಿ ಗುಂಡು ತಾಗಿ ದೊಡ್ಡ ಗಾಯವಾಯಿತು. ನಿಲ್ಲಲಿಲ್ಲ, ರೇಡಿಯೋ ದಡ ಮುಟ್ಟಿಸಿದ. ಮರೆಯಲ್ಲಿ ಮಲಗು ಎಂದರೆ ಒಲ್ಲೆನೆಂದ, ಮದ್ದೂ ಬೇಡವೆಂದ. ರಕ್ತ ಸೋರುತ್ತಿದ್ದಂತೆಯೇ ಮೂರು ಬಾರಿ ನೀರಿಗೆ ಮರಳಿ, ಕಳೆದುಹೋದ ಸಾಮಾನುಗಳನ್ನೂ ಇನ್ನೊಂದು ಸುಸ್ಥಿತಿಯ ರೇಡಿಯೋವನ್ನೂ ತಂದ. ಮೂರನೆಯ ಸಲ ಕಾಲುಗಳಿಗೆ ಗುಂಡು ಬಿತ್ತು. ಆದರೂ ದಂಡೆಯ ಮೇಲೆ ರೇಡಿಯೋ ಹೂಡಲು ನೆರವಾಗುತ್ತಿದ್ದ. ಆಗ ಬಿದ್ದ ಗುಂಡು ಅವನ ಪ್ರಾಣ ತೆಗೆಯಿತು.

ಒಂದು ಪೆಟ್ಟಿಗೆಗಾಗಿ ಪ್ರಾಣವೇ ಎಂದು ನೀವು ಕೇಳಬಹುದು. ಯೋಚಿಸಿ ನೋಡಿ. ಕಡಲಲ್ಲಿ ನಿಂತ ಹಡಗುಗಳಿಗೆ ದೊಡ್ಡ ಫಿರಂಗಿಗಳಿದ್ದವು. ಎಲ್ಲಿಗೆ ಹೊಡೆಯಬೇಕೆಂದು ದಂಡೆಯಿಂದ ಹೇಳುವವರು ಬೇಕಲ್ಲ? ರೇಡಿಯೋ ಇಲ್ಲದ ಸೈನ್ಯ ಬಾಯಿಲ್ಲದ ಸೈನ್ಯ. ಅಂದು ಆ ದಂಡೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡು ಸಾವಿರಕ್ಕೂ ಮಿಕ್ಕು. ದಂಡೆ ಕೈಬಿಡಲಿಲ್ಲ.

ಈ ಕಥೆ ನಮಗೇಕೆ? 1933ರ ಮೇ 2ರಂದು, ಮೇ ದಿನದ ಮರುದಿನವೇ, ಹಿಟ್ಲರನ ಜನ ಜರ್ಮನಿಯ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಸೆರೆಗೆ ತಳ್ಳಿದ್ದರು. ಮೊದಲು ಕೂಲಿಗಾರನ ಬಾಯಿ ಕಟ್ಟಿದರು, ಆಮೇಲೆ ನೆರೆಯ ದೇಶಗಳ ಕುತ್ತಿಗೆಗೆ ಕೈಹಾಕಿದರು. ಆ ಕೈ ಬಿಡಿಸಲು ನೀರಿಗಿಳಿದವರಲ್ಲಿ ಹೆಚ್ಚಿನವರು ದುಡಿಯುವ ಮನೆಗಳ ಮಕ್ಕಳೇ.

ನಾನು ಯುದ್ಧವನ್ನು ಹೊಗಳುತ್ತಿಲ್ಲ. ಯುದ್ಧ ಹೂಡುವವರು ಸೊಂಟದುದ್ದ ನೀರಿನಲ್ಲಿ ನಿಲ್ಲುವುದಿಲ್ಲ. 1945ರಲ್ಲಿ ಪಿಂಡರನಿಗೆ ಅವನ ದೇಶದ ಅತ್ಯುನ್ನತ ಶೌರ್ಯಪದಕ ಬಂತು. ಅದನ್ನು ಧರಿಸಲು ಅವನಿರಲಿಲ್ಲ.

ತನ್ನ ಪಾಲಿನ ಹೊರೆಯನ್ನು ನಡುನೀರಿನಲ್ಲಿ ಇಳಿಸದವನು ವೀರ. ಅಂಥವನನ್ನು ಗುರುತಿಸಲು ಪದಕ ನೋಡಬೇಕಾಗಿಲ್ಲ; ಹೊರೆ ಹೊತ್ತು ಬಲ್ಲ ನೀವೇ ಗುರುತಿಸಬಲ್ಲಿರಿ.