ಬಾಣ ನೆಟ್ಟಗೆ ಹೋಗಬೇಕಾದರೆ
(ಸುವರ್ಣ ಮಹೋತ್ಸವದ ಕ್ರೀಡಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಇದೇ ಶಾಲೆಯಲ್ಲಿ ಕಲಿತವನು. ಮುಂದೆ ಮಕ್ಕಳಿಗೆ ಬಿಲ್ಲುಗಾರಿಕೆ ಹೇಳಿಕೊಡುವ ಕೆಲಸ ಹಿಡಿದೆ. ಆದ್ದರಿಂದ ಇಂದು ಒಂದೇ ವಿಷಯ ಹೇಳುತ್ತೇನೆ: ಬಾಣ ನೆಟ್ಟಗೆ ಹೋಗುವಂತೆ ಬಿಲ್ಲನ್ನು ಹೊಂದಿಸುವುದು ಹೇಗೆ?

ಬಿಲ್ಲು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರಿದ್ದಾರೆ. ನೆರೆಯ ಸುರಪುರ ಬೇಡ ನಾಯಕರು ಆಳಿದ ಸಂಸ್ಥಾನ. ಈಗಿನ ಆಟದಲ್ಲಿಯೂ ದೊಡ್ಡ ಹೆಸರು ಮಾಡಿದ ಹಲವರು ಹಳ್ಳಿಯವರೇ. 1988ರ ಸಿಯೋಲ್ ಒಲಿಂಪಿಕ್ಸ್‌ಗೆ ಹೋದ ಲಿಂಬಾರಾಮ್ ರಾಜಸ್ಥಾನದ ಬುಡಕಟ್ಟಿನ ಹುಡುಗ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡೂ ಕೈಗಳಿಲ್ಲದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು, ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಆ ಬಿಲ್ಲನ್ನು ಅವಳ ದೇಹಕ್ಕೆ ಹೊಂದಿಸಿದ್ದರು. ನನ್ನ ಮಾತಿನ ತಿರುಳು ಇಷ್ಟೇ: ಮೊದಲು ಬಿಲ್ಲು ಮಗುವಿಗೆ ಹೊಂದಬೇಕು.

ಕೂರಿಗೆಯ ತಾಳು ಸಡಿಲಿದ್ದರೆ ಎಂಥ ಒಕ್ಕಲಿಗನೇ ಬಿತ್ತಲಿ, ತೊಗರಿ ಸಾಲು ಸೊಟ್ಟಾಗುತ್ತದೆ. ಆಗ ನಾವು ಕೂರಿಗೆ ನೋಡುತ್ತೇವೆ. ಮೈದಾನದಲ್ಲಿ ಮಾತ್ರ ಬಾಣ ಸೊಟ್ಟ ಹೋದ ಕೂಡಲೆ "ನಿನ್ನ ಕೈಯೇ ಸರಿ ಇಲ್ಲೋ ತಮ್ಮಾ" ಅನ್ನುತ್ತೇವೆ. ಎರಡು ದಿನ ಈ ಮಾತು ಕೇಳಿದ ಮಗು ಮೂರನೆಯ ದಿನ ಬರುವುದಿಲ್ಲ. ಹಾಗಾಗಿ ಮೊದಲ ಪರೀಕ್ಷೆ ಹೀಗಿರಲಿ. ಬಾಣಗಳು ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಮಗುವಿಗೆ ಇನ್ನೂ ಅಭ್ಯಾಸ ಬೇಕು. ಆದರೆ ಪ್ರತಿ ಸಲ ಗುರಿಯ ಒಂದೇ ಬದಿಗೆ ಗುಂಪಾಗಿ ಬಿದ್ದರೆ ಆ ಕೈ ಒಳ್ಳೆಯ ಕೈ. ಆಗ ಬಿಲ್ಲನ್ನು ನೋಡಿರಿ.

ಬಾಣ ಬಿಲ್ಲಿನಿಂದ ಹೊರಡುವಾಗ ಕಡ್ಡಿಯಂತೆ ನೆಟ್ಟಗಿರುವುದಿಲ್ಲ. ಹೆದೆ ಹಿಂದಿನಿಂದ ತಳ್ಳಿದಾಗ ಬಾಗುತ್ತದೆ, ಮೀನಿನಂತೆ ಬಳುಕಿ ಬಿಲ್ಲನ್ನು ದಾಟುತ್ತದೆ, ಆಮೇಲೆ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಿಂದ ಇದನ್ನು ತೋರಿಸಿದರು. ಈ ಬಾಗುವ ಗುಣಕ್ಕೆ ಸ್ಪೈನ್ ಎನ್ನುತ್ತಾರೆ. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಬಾಣವಿಟ್ಟು, ನಡುವೆ ಸುಮಾರು 880 ಗ್ರಾಂ ತೂಕ ತೂಗಿಬಿಟ್ಟಾಗ ಅದು ಅರ್ಧ ಅಂಗುಲ ಬಗ್ಗಿದರೆ ಸ್ಪೈನ್ 500. ಸಂಖ್ಯೆ ಹೆಚ್ಚಿದಷ್ಟೂ ಬಾಣ ಮೆದು.

ಈಗ ಹೊಂದಿಸುವ ಕ್ರಮ. ಮೊದಲು ಹೆದೆಯೇರಿಸಿದ ಬಿಲ್ಲಿನ ಹಿಡಿಯಿಂದ ಹೆದೆಗೆ ಎಷ್ಟು ದೂರ ಎಂದು ಅಳೆಯಿರಿ. 68 ಅಂಗುಲದ ರಿಕರ್ವ್ ಬಿಲ್ಲಿಗೆ ಇದು ಸಾಮಾನ್ಯವಾಗಿ ಎಂಟೂವರೆಯಿಂದ ಒಂಬತ್ತು ಅಂಗುಲ. ಹೆದೆಯನ್ನು ಹೆಚ್ಚು ಹುರಿ ಮಾಡಿದರೆ ದೂರ ಹೆಚ್ಚುತ್ತದೆ, ಹುರಿ ಬಿಚ್ಚಿದರೆ ಕಡಿಮೆಯಾಗುತ್ತದೆ. ಎರಡನೆಯದಾಗಿ, ಹೆದೆಯ ಮೇಲೆ ಬಾಣ ಸಿಗಿಸುವ ಜಾಗಕ್ಕೆ ದಾರ ಸುತ್ತಿ ಗುರುತು ಮಾಡಿರಿ. ಅದು ಬಾಣ ಕೂಡುವ ಮಟ್ಟಕ್ಕಿಂತ ತುಸು ಮೇಲಿರಲಿ.

ಮೂರನೆಯದು ಗರಿ ಇಲ್ಲದ ಬಾಣದ ಪರೀಕ್ಷೆ. ಗರಿ ಬಾಣದ ತಪ್ಪನ್ನು ಗಾಳಿಯಲ್ಲೇ ತಿದ್ದಿಬಿಡುತ್ತದೆ. ಗರಿ ತೆಗೆದರೆ ತಪ್ಪು ಬಯಲಾಗುತ್ತದೆ. ಮೊದಲು ಹತ್ತು ಮೀಟರ್, ಆಮೇಲೆ ಹದಿನೆಂಟು ಮೀಟರ್‌ನಿಂದ ಗರಿಯಿರುವ ಮೂರು ಬಾಣ, ಗರಿಯಿಲ್ಲದ ಎರಡು ಬಾಣ ಒಂದೇ ಗುರಿಗೆ ಬಿಡಿರಿ. ಗರಿಯಿಲ್ಲದವು ಮೇಲೆ ಬಿದ್ದರೆ ದಾರದ ಗುರುತನ್ನು ಮೇಲಕ್ಕೆ ಸರಿಸಿರಿ. ಬಹಳ ಕೆಳಗೆ ಬಿದ್ದರೆ ಕೆಳಕ್ಕೆ. ಬಲಗೈಯಿಂದ ಎಳೆಯುವವರಿಗೆ ಅವು ಬಲಕ್ಕೆ ಬಿದ್ದರೆ ಬಾಣ ಮೆದು, ಎಡಕ್ಕೆ ಬಿದ್ದರೆ ಬಿರುಸು. ಎಡಗೈಯವರಿಗೆ ಇದು ತಿರುವುಮುರುವು. ಮೆದುವಾದರೆ ಬಿರುಸಾದ ಬಾಣ ಅಥವಾ ಹಗುರ ಮೊನೆ ಹಾಕಿರಿ. ಬಿರುಸಾದರೆ ಮೆದು ಬಾಣ ಅಥವಾ ಭಾರದ ಮೊನೆ. ಪ್ಲಂಜರ್ ಇರುವ ಬಿಲ್ಲಾದರೆ ಮೆದು ಬಾಣಕ್ಕೆ ಸ್ಪ್ರಿಂಗ್ ಬಿಗಿ ಮಾಡಿರಿ, ಬಿರುಸಿಗೆ ಸಡಿಲಿಸಿರಿ. ಒಮ್ಮೆಗೆ ಒಂದನ್ನೇ ಬದಲಿಸಿರಿ. ಎರಡು ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

ಇಷ್ಟಕ್ಕೆ ದುಬಾರಿ ಯಂತ್ರ ಬೇಡ. ಅಳತೆಪಟ್ಟಿ, ದಾರ, ನೋಟುಪುಸ್ತಕ ಸಾಕು. ಬಿದಿರಿನ ಬಿಲ್ಲಿನಲ್ಲಿ ಆಡುವ ಇಂಡಿಯನ್ ರೌಂಡ್ ಎಂಬ ಸ್ಪರ್ಧೆ ನಮ್ಮ ದೇಶದಲ್ಲಿದೆ. ಅಲ್ಲಿಂದ ಆರಂಭಿಸಬಹುದು.

ಸರ್ಕಾರಿ ಶಾಲೆಯಲ್ಲಿ ನಾಲ್ಕು ಬಿಲ್ಲು, ನಲವತ್ತು ಮಕ್ಕಳು ಇರಬಹುದು. ಏಳನೆಯ ತರಗತಿಯ ಹುಡುಗಿಗೂ ಹತ್ತನೆಯ ತರಗತಿಯ ಹುಡುಗನಿಗೂ ಅದೇ ಬಿಲ್ಲು, ಅದೇ ಬಾಣ ಕೊಟ್ಟರೆ ಒಬ್ಬರಿಗಾದರೂ ಹೊಂದುವುದಿಲ್ಲ. ಎಳೆಯುವ ಬಲ ಬೇರೆಯಾದರೆ ಬೇಕಾದ ಬಾಣವೂ ಬೇರೆ. ಬಿಲ್ಲು ಹಂಚಿಕೊಳ್ಳಲಿ, ಬಾಣಗಳನ್ನು ಬಣ್ಣ ಬಳಿದು ಬೇರೆ ಮಾಡಿರಿ. ಯಾವ ಮಗುವಿಗೆ ಯಾವ ಬಣ್ಣ ಎಂದು ಪುಸ್ತಕದಲ್ಲಿ ಬರೆಯಿರಿ.

ಮಕ್ಕಳೇ, ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿರಿ, ಬಿಲ್ಲು ಒಡೆಯುತ್ತದೆ. ಸೀಳಿದ ಬಾಣ ಮುಟ್ಟಬೇಡಿರಿ. ಮುಂದೆ ಯಾರಾದರೂ ಇದ್ದರೆ ಬಿಲ್ಲೆತ್ತಬೇಡಿರಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ಹಬ್ಬದ ನೆನಪಿಗೆ ಶಾಲೆಗೆ ಬಿಲ್ಲು ಕೊಡುವವರು, ಬೇರೆ ಬೇರೆ ಬಿರುಸಿನ ಬಾಣಗಳನ್ನೂ ಜೊತೆಗೆ ಕೊಡಿರಿ. ನಮ್ಮ ಊರಿನ ಯಾವ ಮಗುವೂ ಬಿಲ್ಲಿನ ತಪ್ಪಿಗೆ ಮೈದಾನ ಬಿಟ್ಟು ಮನೆಗೆ ಹೋಗದಿರಲಿ.